ಸೋದರಮಾವನ ಎಣಿಕೆ

ಘಟನೆಗಳು ನಡೆದ ಕ್ರಮ ಇದು. ೧೮೩೦ರ ಸೆಪ್ಟೆಂಬರ್ ಕೊನೆಯಲ್ಲಿ ಮೂಲನಿವಾಸಿಗಳಾದ ಚೋಕ್ತಾ ಜನರ ನಾಡಿನ ಮುಖಂಡರು ಅಮೆರಿಕದ ಸರಕಾರ ತಂದಿಟ್ಟ ಒಪ್ಪಂದದ ಕೆಳಗೆ ತಮ್ಮ ಗೀಟು ಎಳೆದರು. ನಾಡನ್ನೆಲ್ಲ ಬಿಟ್ಟುಕೊಟ್ಟು ಮಿಸಿಸಿಪಿ ನದಿಯ ಆಚೆಗೆ ಹೋಗುವುದು ಎಂಬುದು ಅದರ ತಾತ್ಪರ್ಯ. ೧೮೩೧ರ ಫೆಬ್ರವರಿ ಇಪ್ಪತ್ತನಾಲ್ಕರಂದು ರಾಜಧಾನಿಯಲ್ಲಿ ಅದಕ್ಕೆ ಮೊಹರು ಬಿತ್ತು. ಒಪ್ಪಂದದಲ್ಲಿ ಹದಿನಾಲ್ಕನೆಯದು ಎಂಬ ಒಂದು ಕಲಮು ಇತ್ತು. ಹೋಗಲು ಒಲ್ಲದ ಕುಟುಂಬದ ಯಜಮಾನನು ಮೊಹರು ಬಿದ್ದ ಆರು ತಿಂಗಳೊಳಗೆ, ಎಂದರೆ ಆಗಸ್ಟ್ ಇಪ್ಪತ್ತನಾಲ್ಕರ ಸಂಜೆಯೊಳಗೆ, ಸರಕಾರದ ಏಜೆಂಟನ ಮುಂದೆ ನಿಂತು ಹೆಸರು ಬರೆಸಬೇಕು. ಬರೆಸಿದರೆ ಯಜಮಾನನಿಗೆ ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ನೆಲ. ಹತ್ತು ವರ್ಷ ದಾಟಿದ ಪ್ರತಿ ಮಗುವಿಗೆ ಅದರ ಅರ್ಧ. ಹತ್ತರೊಳಗಿನ ಪ್ರತಿ ಮಗುವಿಗೆ ಅದರ ಕಾಲು. ಹೆಂಡತಿಯ ಪಾಲಿಗೆ ಪ್ರತ್ಯೇಕವಾಗಿ ಏನೂ ಇರಲಿಲ್ಲ. ಐದು ವರ್ಷ ಅದೇ ನೆಲದಲ್ಲಿ ಬಾಳಿ ತೋರಿಸಿದರೆ ಹಕ್ಕುಪತ್ರ. ಈ ಕಲಮಿನ ಸುದ್ದಿ ಬೋಕ್‌ಹೋಮಾ ಎಂಬ ಹೊಳೆದಂಡೆಯ ಊರಿಗೆ ಮುಟ್ಟಿದ್ದು ಆಗಸ್ಟ್ ಹದಿನೈದರಂದು. ಅಲ್ಲಿಂದ ಏಜೆಂಟನ ಮನೆಗೆ ನಾಲ್ಕು ದಿನದ ನಡಿಗೆ. ಉಳಿದಿದ್ದದ್ದು ಒಂಬತ್ತು ದಿನ.

ಆ ಊರಿನಲ್ಲಿ ಎಣಿಕೆ ಪಿಸ್ತಾಂಬಿಯ ಕೆಲಸವಾಗಿತ್ತು. ಸಭೆಗೆ ಎಷ್ಟು ದಿನ ಉಳಿಯಿತು, ಚೆಂಡಾಟಕ್ಕೆ ಎದುರೂರಿನಿಂದ ಎಷ್ಟು ಜನ ಬರುತ್ತಾರೆ, ಹಸಿ ಜೋಳದ ಕುಣಿತಕ್ಕೆ ಯಾವ ಮನೆಯಿಂದ ಎಷ್ಟು ಬುಟ್ಟಿ, ಎಲ್ಲವನ್ನೂ ಅವನು ಹೊಳೆಯಂಚಿನ ವಾಟೆಯನ್ನು ಸೀಳಿ ಕಡ್ಡಿ ಮಾಡಿ, ಕಟ್ಟು ಕಟ್ಟಿ ಇಡುತ್ತಿದ್ದ. ಅವನ ಕಡ್ಡಿ ತಪ್ಪಿತು ಎಂದು ಇಪ್ಪತ್ತು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ವಯಸ್ಸು ನಲವತ್ತು. ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಅವಳ ತಾಯಿಮನೆಯಿಂದ ತನ್ನ ಈಟಿ, ಕಂಬಳಿ, ಚಾಕು ಇಷ್ಟನ್ನೇ ಎತ್ತಿಕೊಂಡು ಅಕ್ಕ ಒನಾಹೋಕಾಳ ಒಲೆಯ ಬಳಿಗೆ ಮರಳಿದ್ದ. ಅದು ಅವರ ಅಮ್ಮ ಕಟ್ಟಿಸಿದ ಮನೆ. ಅಮ್ಮನ ಮೂಳೆ ಹಿತ್ತಿಲ ಹಿಕರಿ ಮರದ ಬುಡದಲ್ಲಿತ್ತು.

ಒನಾಹೋಕಾಳಿಗೆ ನಾಲ್ಕು ಮಕ್ಕಳು. ದೊಡ್ಡವಳು ತೀಮಾ, ಹದಿನಾರರ ಹುಡುಗಿ. ಆಮೇಲೆ ಹನ್ನೆರಡರ ಗಂಡು, ಎಂಟರ ಗಂಡು, ಕೊನೆಗೆ ಆರು ತುಂಬಿದ ಶೋಮಾ. ಮಕ್ಕಳು ತಾಯಿಯ ಕುಲ. ಅವರಿಗೆ ಬಿಲ್ಲು ಹಿಡಿಯಲು ಕಲಿಸುವವನು, ತಪ್ಪಿದಾಗ ಗದರಿಸುವವನು, ಮದುವೆಗೆ ಒಪ್ಪಿಗೆ ಕೊಡುವವನು ಸೋದರಮಾವ. ಅವರ ತಂದೆ ಎಲಾತಬಿ ಬೇರೆ ಕುಲದವನು. ಒಳ್ಳೆಯ ಬೇಟೆಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ. ಹದಿನೇಳು ವರ್ಷದಿಂದ ಈ ಮನೆಗೆ ಜಿಂಕೆ ತಂದುಹಾಕುತ್ತಿದ್ದ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದ. ಆದರೆ ಅವನು ಹೊಣೆ ಹೊರಬೇಕಾದ ಮಕ್ಕಳು ಎರಡು ದಿನದ ದಾರಿಯಾಚೆ, ಅವನ ತಂಗಿಯ ಮನೆಯಲ್ಲಿದ್ದರು. ಇದರಲ್ಲಿ ಯಾರಿಗೂ ಯಾವ ಗೊಂದಲವೂ ಇರಲಿಲ್ಲ.

ಸುದ್ದಿ ತಂದವನು ಟೋನಬಿ. ಹಿಟ್ಟಿನ ಗಿರಣಿಯ ಬಳಿ ಕೇಳಿದ್ದನ್ನು ಅವನು ಊರ ನಡುವಿನ ಚಪ್ಪರದಲ್ಲಿ ಕುಳಿತು ಎರಡು ಸಲ ಹೇಳಿದ. ಒಂಬತ್ತು ಮನೆಗಳಲ್ಲಿ ಏಳು ಆಗಲೇ ಪಶ್ಚಿಮಕ್ಕೆ ಹೋಗುವುದೆಂದು ನಿರ್ಧರಿಸಿದ್ದವು. ಉಳಿಯುತ್ತೇವೆ ಎಂದವು ಎರಡೇ: ಟೋನಬಿಯ ತಂಗಿಯ ಮನೆ, ಒನಾಹೋಕಾಳ ಮನೆ. ಎಲಾತಬಿಯ ತಂಗಿಯ ಊರು ಪೂರ್ತಿ ಹೊರಟಿತ್ತು. ಅವರನ್ನು ನದಿ ದಾಟಿಸಿ, ಮನೆ ಎಬ್ಬಿಸಿಕೊಟ್ಟು, ಹಿಮ ಕರಗುವ ಹೊತ್ತಿಗೆ ವಾಪಸು ಬರುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಎಲಾತಬಿ ಹೊರಡುವ ಹೊತ್ತಿಗೆ ಪಿಸ್ತಾಂಬಿ ಅಂಗಳದಲ್ಲಿ ಕುಳಿತು ಕಡ್ಡಿ ಹೆರೆಯುತ್ತಿದ್ದ. ಯಜಮಾನನಿಗೆ ಮೊಳದುದ್ದದ್ದು ಒಂದು. ಹತ್ತು ದಾಟಿದವರಿಗೆ ಗೇಣುದ್ದದವು ಎರಡು. ಚಿಕ್ಕವರಿಗೆ ನಾಲ್ಕು ಬೆರಳಿನಷ್ಟು ಎರಡು. ಒಟ್ಟು ಐದು. ಒನಾಹೋಕಾ ಮರದ ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಳು.

"ಹದಿನೇಳು ವರ್ಷ ಈ ಮನೇಲಿ ಉಂಡಿದೀನಿ. ನನಗೊಂದು ಕಡ್ಡಿ ಇಲ್ವೇನಯ್ಯ?" ಎಂದ ಎಲಾತಬಿ.

"ನೆಂಟರಿಗೆ ಕಡ್ಡಿ ಇಲ್ಲ ಭಾವ."

"ಕೇಳಿದ್ಯೇನೇ? ನಿನ್ನ ತಮ್ಮ ನನ್ನನ್ನ ಇನ್ನೂ ನೆಂಟ ಅಂತಾನೆ."

ಒನಾಹೋಕಾ ಒನಕೆ ನಿಲ್ಲಿಸಲಿಲ್ಲ. "ನೆಂಟ ಆಗಿದ್ದಿದ್ರೆ ಇಷ್ಟು ಹೊತ್ತಿಗೆ ನಾಚಿಕೊಂಡಾದ್ರೂ ಎದ್ದು ಹೋಗಿರ್ತಿದ್ದೆ," ಎಂದಳು.

ಎಲಾತಬಿ ನಕ್ಕು, ಚಿಕ್ಕ ಕಡ್ಡಿಗಳಲ್ಲಿ ಒಂದನ್ನು ಎತ್ತಿ ಮೂಸಿ ನೋಡಿ, ಇದು ಶೋಮಾಳದ್ದೇ ಇರಬೇಕು, ಜೇನಿನ ವಾಸನೆ ಬರುತ್ತಿದೆ ಎಂದ. ಆಮೇಲೆ ತಮಾಷೆ ಬಿಟ್ಟು, ನೀನು ನಿನ್ನ ಮಕ್ಕಳನ್ನು ಉಳಿಸಿಕೊ, ನಾನು ನನ್ನ ಮಕ್ಕಳನ್ನು ದಾಟಿಸುತ್ತೇನೆ ಎಂದು ಹೇಳಿ, ಕಂಬಳಿಯ ಸುರುಳಿಯನ್ನು ಹೆಗಲಿಗೇರಿಸಿ ಪೂರ್ವದ ದಾರಿ ಹಿಡಿದ. ಶೋಮಾ ಹೊಳೆಯವರೆಗೂ ಅವನ ಹಿಂದೆ ಓಡಿದಳು. ಅವನೊಡನೆ ಏಜೆಂಟನ ಬಳಿಗೆ ಹೋಗಬೇಕು ಎಂಬುದು ಪಿಸ್ತಾಂಬಿಗೆ ಹೊಳೆಯಲಿಲ್ಲ. ಹೊಳೆಯುವುದಕ್ಕೆ ಕಾರಣವೇ ಇರಲಿಲ್ಲ. ಬೇರೆ ಕುಲದವನೊಬ್ಬನನ್ನು ಕರೆದುಕೊಂಡು ಹೋಗಿ ನನ್ನ ಮಕ್ಕಳ ಲೆಕ್ಕ ಇವನು ಹೇಳುತ್ತಾನೆ ಎನ್ನುವುದು, ಪಕ್ಕದ ಮನೆಯವನನ್ನು ಕರೆದು ನನ್ನ ಊಟ ನೀನು ಮಾಡು ಎಂದಷ್ಟೇ ಅಸಂಬದ್ಧವಾಗಿತ್ತು.

ಟೋನಬಿಗೆ ಮಂಡಿನೋವು. ಆದ್ದರಿಂದ ಬುತ್ತಿಯ ಚೀಲ ಹೊರಲು ಅವನು ತಂಗಿಯ ಗಂಡನನ್ನು ಕರೆದುಕೊಂಡ. ಆ ಮನುಷ್ಯ ಹೆಚ್ಚು ಮಾತನಾಡುವವನಲ್ಲ. ದಾರಿಯುದ್ದಕ್ಕೂ ಟೋನಬಿಯ ಲೇವಡಿಯನ್ನೂ ಚೀಲದ ಭಾರವನ್ನೂ ಒಂದೇ ರೀತಿ ಹೊತ್ತುಕೊಂಡು ನಡೆದ. ಹತ್ತೊಂಬತ್ತರಂದು ಹೊರಟವರು ಇಪ್ಪತ್ತಮೂರರ ಮಧ್ಯಾಹ್ನ ತಲುಪಿದರು. ನೂರಾರು ಜನ ಸೇರಿದ್ದರು. ಅವರ ಸರದಿ ಬಂದದ್ದು ಇಪ್ಪತ್ತನಾಲ್ಕರಂದು, ಬಿಸಿಲು ನೆತ್ತಿಗೆ ಬಂದ ಮೇಲೆ.

ಏಜೆಂಟ್ ಜಗುಲಿಯ ಮೇಲೆ ಮೇಜು ಹಾಕಿಸಿಕೊಂಡು ಕುಳಿತಿದ್ದ. ದಪ್ಪ ಮನುಷ್ಯ, ಬೆವರು ಪುಸ್ತಕದ ಮೇಲೆ ಬೀಳದಂತೆ ಆಗಾಗ ಕತ್ತು ಹಿಂದಕ್ಕೆ ಎಳೆಯುತ್ತಿದ್ದ. ಪಕ್ಕದಲ್ಲಿ ದುಭಾಷಿ ಸೈಲಸ್ ಬೀಮನ್ ನಿಂತಿದ್ದ. ಅವನ ತಂದೆ ಬಿಳಿಯ ವ್ಯಾಪಾರಿ, ತಾಯಿ ಚೋಕ್ತಾ. ಆದ್ದರಿಂದ ಅವನೂ ಚೋಕ್ತಾನೇ. ಅಷ್ಟೇ ಅಲ್ಲ, ತಾಯಿಯ ಕಡೆಯಿಂದ ಪಿಸ್ತಾಂಬಿಯ ಕುಲದವನೇ.

ಮೊದಲು ಟೋನಬಿ ತನ್ನ ಕಡ್ಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಏಜೆಂಟ್ ಕಡ್ಡಿಗಳನ್ನು ತಿರಸ್ಕರಿಸಲಿಲ್ಲ. ಆ ಮಟ್ಟಿಗೆ ಅವನು ಪಳಗಿದ್ದ. ಈ ಮೂವರು ಮಕ್ಕಳು ನಿನ್ನವೇ ಎಂದು ಕೇಳಿಸಿದ. ತನ್ನವೇ, ತಂಗಿಯ ಮಕ್ಕಳು ಎಂದು ಟೋನಬಿ ಹೆಮ್ಮೆಯಿಂದ ಹೇಳಿದ. ಏಜೆಂಟ್ ಲೇಖನಿ ಕೆಳಗಿಟ್ಟ. ತಂಗಿಯ ಮಕ್ಕಳು ತಂಗಿಯ ಗಂಡನ ಮಕ್ಕಳು; ಯಜಮಾನ ಎಂದರೆ ತಂದೆ; ಮಕ್ಕಳನ್ನು ಬರೆಸಬೇಕಾದವನು ಅವನು; ಅವನು ಎಲ್ಲಿ ಎಂದು ಕೇಳಿದ. ಬೀಮನ್ ಅದನ್ನು ಚೋಕ್ತಾ ಭಾಷೆಯಲ್ಲಿ ಹೇಳಿದಾಗ ಜಗುಲಿಯ ಕೆಳಗೆ ನಿಂತಿದ್ದ ಕೆಲವರು ನಕ್ಕರು. ಟೋನಬಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ತಿರುಗಿ, ಮರದ ನೆರಳಿನಲ್ಲಿ ಚೀಲದ ಮೇಲೆ ತಲೆಯಿಟ್ಟು ಮಲಗಿದ್ದ ತಂಗಿಯ ಗಂಡನನ್ನು ಕೂಗಿ ಎಬ್ಬಿಸಿದ.

"ಏಳಯ್ಯ, ಬಾ. ಮೂಟೆ ಹೊತ್ಕೊಂಡು ಬಂದೋನೇ ಯಜಮಾನನಂತೆ."

ಆ ಮನುಷ್ಯ ಕಣ್ಣುಜ್ಜಿಕೊಳ್ಳುತ್ತ ಮೇಲೆ ಬಂದ. ಅವನ ಹೆಸರನ್ನು ಬರೆಯತೊಡಗಿದರು.

ಅಷ್ಟರಲ್ಲಿ ಪಿಸ್ತಾಂಬಿ ಮನಸ್ಸಿನಲ್ಲಿ ದಿನಗಳನ್ನು ಹಿಂದಕ್ಕೆ ಎಣಿಸಿದ. ಎಲಾತಬಿ ಈಗ ಆರು ದಿನದ ದಾರಿಯಾಚೆ ಇದ್ದಾನೆ. ಹದಿನಾರರ ಬೆಳಿಗ್ಗೆ ಕೈಯಳತೆಯಲ್ಲಿ ನಿಂತಿದ್ದ. ಅಂದು 'ಬಾ ಭಾವ, ನನ್ನ ಜೊತೆಗೆ' ಎಂಬ ಒಂದೇ ಮಾತು ಸಾಕಾಗಿತ್ತು. ಇನ್ನುಳಿದದ್ದು ಅರ್ಧ ಹಗಲು.

ಬೀಮನ್ ಅವನ ಮುಖ ನೋಡಿ ವಿಷಯ ತಿಳಿದುಕೊಂಡ. ಏಜೆಂಟ್ ಬರೆಯುತ್ತಿರುವಷ್ಟರಲ್ಲಿ ಅವನನ್ನು ಜಗುಲಿಯ ಮೂಲೆಗೆ ಕರೆದೊಯ್ದು, ತಂದೆ ಎಲ್ಲಿ ಎಂದು ಕೇಳಿದ. ಪಿಸ್ತಾಂಬಿ ಹೇಳಿದ. ಅಕ್ಕನೇ ಬಂದು ಬರೆಸಬಹುದೇ ಎಂದು ಪಿಸ್ತಾಂಬಿ ಕೇಳಿದಾಗ, ಗಂಡ ಬದುಕಿರುವ ಹೆಂಗಸಿನ ಹೆಸರನ್ನು ಆ ಪುಸ್ತಕದಲ್ಲಿ ಬರೆಯುವುದಿಲ್ಲ, ಅಲ್ಲದೆ ಅವಳು ನಾಲ್ಕು ದಿನದ ದೂರದಲ್ಲಿದ್ದಾಳೆ ಎಂದು ಬೀಮನ್ ಹೇಳಿದ. ತನ್ನೊಬ್ಬನ ಹೆಸರಲ್ಲಿ ಆ ಒಂದು ಮೈಲಿ ನೆಲವನ್ನಾದರೂ ಉಳಿಸಿಕೊಳ್ಳಬಹುದೇ ಎಂದರೆ ಅದೂ ಆಗದು. ಹೆಂಡತಿ ಮಕ್ಕಳಿಲ್ಲದ ಗಂಡಸು ಯಜಮಾನನಲ್ಲ. ಹಾಗಾದರೆ ದಾರಿ ಎಂದು ಪಿಸ್ತಾಂಬಿ ಕೇಳಿದ. ಬೀಮನ್ ಕೆಳಗೆ ನಿಂತ ಜನರ ಕಡೆಗೆ ಬೆನ್ನು ಮಾಡಿದ.

"ಅಣ್ಣ, ಮಕ್ಕಳು ನಿನ್ನವೇ ಅನ್ನು. ಅವರಮ್ಮ ಯಾರು ಅಂತ ಕೇಳ್ತಾನೆ. ನನ್ನ ಹೆಂಡ್ತಿ ಅನ್ನು."

ಪಿಸ್ತಾಂಬಿ ಅವನನ್ನೇ ನೋಡಿದ. "ನೀನು ನಮ್ಮ ಕುಲದೋನು," ಎಂದ.

"ಅದಕ್ಕೇ ಹೇಳ್ತಿರೋದು. ಬೇರೆಯೋನಾಗಿದ್ರೆ ಸುಮ್ಮನಿರ್ತಿದ್ದೆ."

"ನೀನೇ ಹೇಳ್ಬಿಡು, ಅವರ ಮಾತಲ್ಲಿ. ನನಗೆ ಕೇಳಿಸದ ಹಾಗೆ."

ಅದು ಸಾಧ್ಯವಿರಲಿಲ್ಲ. ಏಜೆಂಟ್ ಹತ್ತು ವರ್ಷ ಆ ನಾಡಿನಲ್ಲಿದ್ದವನು. ಅವನಿಗೆ ಚೋಕ್ತಾ ಭಾಷೆಯ ನೂರಿನ್ನೂರು ಶಬ್ದಗಳು ಬರುತ್ತಿದ್ದವು. ಅಕ್ಕ ಎಂಬುದೂ ಹೆಂಡತಿ ಎಂಬುದೂ ಅವುಗಳಲ್ಲಿ ಸೇರಿದ್ದವು. ಮಾತು ಅರ್ಜಿದಾರನ ಬಾಯಿಂದಲೇ ಬರಬೇಕಿತ್ತು. ದುಭಾಷಿ ಬಗ್ಗಿಸಿ ಹೇಳಿದನೆಂದು ತಿಳಿದರೆ ಇಬ್ಬರೂ ಕೆಡುತ್ತಿದ್ದರು.

ಅಮ್ಮ ಸತ್ತಾಗ ಪಿಸ್ತಾಂಬಿಗೆ ಏಳು ವರ್ಷ, ಒನಾಹೋಕಾಳಿಗೆ ಹತ್ತು. ಅವನಿಗೆ ಸಿಡುಬಿನ ಜ್ವರ ಬಂದಾಗ ಅವಳು ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಗೆ ನೀರಿಗೆ ಹೋಗುತ್ತಿದ್ದಳು, ಕೆಳಗಿಳಿಸಿದರೆ ಅಳುತ್ತಿದ್ದ. ಒಂದೇ ಕುಲದ ಗಂಡು ಹೆಣ್ಣು, ನಾಲ್ಕು ತಲೆಮಾರಿನ ಆಚೆಯ ಸಂಬಂಧವಾದರೂ, ಮದುವೆಯ ಮಾತನ್ನೂ ಆಡದ ಜನ ಅವರು. ಅಂಥದ್ದರಲ್ಲಿ ಒಡಹುಟ್ಟಿದವಳು. ಅವನು ಕೇಳಿದ್ದ ಕಥೆಗಳಲ್ಲಿ ಆ ತಪ್ಪು ಮಾಡಿದವರನ್ನು ಊರು ಹೊರಗೆ ಹಾಕುತ್ತಿತ್ತು. ಅವರ ಹೆಸರನ್ನು ಮಕ್ಕಳಿಗೆ ಇಡುತ್ತಿರಲಿಲ್ಲ. ಇನ್ನೊಂದು ಕಡೆಗೆ ಐದು ಕಡ್ಡಿಗಳಿದ್ದವು. ಅವುಗಳನ್ನು ಹಾಗೇ ವಾಪಸು ಒಯ್ದರೆ ಮುಂದಿನ ವರ್ಷ ಆ ನೆಲಕ್ಕೆ ಸರಪಳಿ ಹಿಡಿದ ಅಳತೆಗಾರರು ಬರುತ್ತಾರೆ; ಅಮ್ಮನ ಮೂಳೆಯ ಮೇಲೆ ಯಾರದೋ ನೇಗಿಲು ಹಾಯುತ್ತದೆ; ಶೋಮಾ ಹಿಮದಲ್ಲಿ ನಡೆಯುತ್ತಾಳೆ.

ಕರೆ ಬಂತು. ಅವನು ಮೇಜಿನ ಮೇಲೆ ಕಡ್ಡಿಗಳನ್ನು ಇಟ್ಟ. ಏಜೆಂಟ್ ಟೋನಬಿಯ ಪ್ರಸಂಗದಿಂದ ಎಚ್ಚರಗೊಂಡಿದ್ದ. ಬೀಮನ್‌ನ ಮೂಲಕ ಒಂದೊಂದೇ ಪ್ರಶ್ನೆ ಬಂತು. ಮಕ್ಕಳು ಯಾರವರು? ನನ್ನವರು. ನಿನ್ನ ಮೈಯಿಂದ ಹುಟ್ಟಿದವರೇ? ಹೌದು. ಅವರ ತಾಯಿಯ ಹೆಸರು? ಒನಾಹೋಕಾ. ಆ ಒನಾಹೋಕಾ ನಿನಗೆ ಏನಾಗಬೇಕು?

ಕೆಳಗೆ ನಿಂತಿದ್ದವರ ನಡುವೆ ಟೋನಬಿ ಇದ್ದ. ತಂಗಿಯ ಗಂಡನ ಬೆನ್ನು ತಟ್ಟುತ್ತಿದ್ದ ಅವನ ಕೈ ಅಲ್ಲೇ ನಿಂತಿತ್ತು.

"ಹೆಂಡ್ತಿ," ಎಂದ ಪಿಸ್ತಾಂಬಿ.

ಏಜೆಂಟ್ ಬರೆದುಕೊಂಡ.

ಹಿಂತಿರುಗುವ ನಾಲ್ಕು ದಿನ ಟೋನಬಿ ಇಪ್ಪತ್ತು ಹೆಜ್ಜೆ ಮುಂದೆ ನಡೆದ, ಮಂಡಿ ನೋಯುತ್ತಿದ್ದರೂ. ಬುತ್ತಿ ಬಿಚ್ಚಿದಾಗ ಪಿಸ್ತಾಂಬಿಯ ಪಾಲನ್ನು ಎಲೆಯ ಮೇಲೆ ಇಟ್ಟು ದೂರ ಸರಿದು ಕುಳಿತ. ಬೈಯಲಿಲ್ಲ. ಎರಡನೆಯ ದಿನ ಒಂದು ಹಳ್ಳ ದಾಟುವಾಗ ಮಾತ್ರ, ತಿರುಗಿ ನೋಡದೆ, ನಾನಾಗಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ ಎಂದ. ಊರು ತಲುಪಿದ ಮೇಲೆ ಅವನು ಅದನ್ನು ಹಬ್ಬಿಸಬೇಕೆಂದು ಹಬ್ಬಿಸಲಿಲ್ಲ. ತಂಗಿ ಕೇಳಿದಳು, ಹೇಳಿದ. ಅಷ್ಟಕ್ಕೆ ಊರಿಗೆಲ್ಲ ಗೊತ್ತಾಯಿತು.

ಒನಾಹೋಕಾಳಿಗೆ ಮಾತ್ರ ಪಿಸ್ತಾಂಬಿ ತಾನೇ ಹೇಳಿದ. ಮನೆಯ ಬಾಗಿಲ ಹೊರಗೆ ನಿಂತು ಮೊದಲಿನಿಂದ ಕೊನೆಯವರೆಗೆ, ಒಂದು ಪ್ರಶ್ನೆಯನ್ನೂ ಒಂದು ಉತ್ತರವನ್ನೂ ಬಿಡದೆ ಹೇಳಿದ. ಅವಳು ಕೇಳಿಸಿಕೊಂಡಳು. ಮಕ್ಕಳ ಹೆಸರು ಬರೆದರೇ ಎಂದಳು. ಬರೆದರು ಎಂದ.

"ನಾಲ್ಕೂ?"

"ನಾಲ್ಕೂ, ಅಕ್ಕ."

"ಇನ್ಮೇಲೆ ಹಾಗನ್ನಬೇಡ," ಎಂದಳು ಅವಳು. "ಎರಡರಲ್ಲಿ ಒಂದು ಅನ್ನು. ಎರಡೂ ನಾನಾಗೋಕಾಗಲ್ಲ."

ಆ ದಿನದಿಂದ ಅವನು ಅವಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಜೋಳದ ಗಂಜಿಯ ದೊಡ್ಡ ಗಡಿಗೆ ಬಾಗಿಲ ಬಳಿ ಇರುತ್ತಿತ್ತು. ಮನೆಯವರೂ ಬಂದವರೂ ಅದೇ ಕೊಂಬಿನ ಸೌಟಿನಿಂದ ಉಣ್ಣುತ್ತಿದ್ದರು. ಪಿಸ್ತಾಂಬಿಗೆ ಅವಳು ಬೇರೆ ಸೋರೆಬುರುಡೆಯಲ್ಲಿ ಹಾಕಿ ಹೊಸ್ತಿಲ ಹೊರಗೆ ಇಟ್ಟಳು. ಕಡಿಮೆ ಹಾಕಲಿಲ್ಲ. ಕಾಡುಹಂದಿಯ ಮಾಂಸ ಬೇಯಿಸಿದ ದಿನ ಒಳ್ಳೆಯ ತುಂಡೇ ಇರುತ್ತಿತ್ತು. ಅವನು ಹೊಲದ ಅಂಚಿನಲ್ಲಿ ಜೋಳದ ಕಣಜದ ಪಕ್ಕ ತೊಗಟೆಯ ಗುಡಿಸಲು ಹಾಕಿಕೊಂಡ. ಕಾನೂನಿನ ಪ್ರಕಾರ ಯಜಮಾನ ಆ ನೆಲದ ಮೇಲೆಯೇ ವಾಸಿಸಬೇಕಿತ್ತು. ಗುಡಿಸಲು ಆ ನೆಲದ ಮೇಲೆಯೇ ಇತ್ತು.

ಎಲಾತಬಿ ಹಿಮ ಕರಗುವ ಹೊತ್ತಿಗೆ ಬರಲಿಲ್ಲ. ಮರುವರ್ಷದ ಬೇಸಗೆಯಲ್ಲಿ ಬಂದ ಸುದ್ದಿ ಇಷ್ಟು: ನದಿಯಾಚೆಯ ಜೌಗಿನಲ್ಲಿ ಅವರ ಗುಂಪು ಹಿಮಕ್ಕೆ ಸಿಕ್ಕಿ ಆರು ದಿನ ನಿಂತಿತು; ಅವನು ತನ್ನ ಕಂಬಳಿಯನ್ನು ತಂಗಿಯ ಮಕ್ಕಳಿಗೆ ಹೊದಿಸಿದ; ಮಕ್ಕಳು ಬದುಕಿದರು. ಒನಾಹೋಕಾ ಕೂದಲು ಬಿಚ್ಚಿ ಹೊಳೆದಂಡೆಯಲ್ಲಿ ಕುಳಿತು ಅತ್ತಳು. ಗಂಡ ಸತ್ತವಳ ಪಕ್ಕ ಅಳುವುದಕ್ಕೆ ಕೂರಬೇಕಾದವನು ಅವಳ ಒಡಹುಟ್ಟಿದವನು. ಪಿಸ್ತಾಂಬಿ ಎದ್ದು ಅರ್ಧ ದಾರಿಯವರೆಗೆ ಹೋದ. ಹೋಗಿ ಕುಳಿತರೆ ಊರು ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತದೆ ಎಂದು ತಿಳಿಯದೆ ಜೋಳದ ಸಾಲುಗಳ ನಡುವೆ ನಿಂತುಬಿಟ್ಟ. ಅವಳು ಒಬ್ಬಳೇ ಅತ್ತು ಮುಗಿಸಿದಳು.

ಆ ಶರತ್ಕಾಲ ಏಳು ಮನೆಗಳೂ ಹೊರಟವು. ಅದರ ಮರುವರ್ಷ ತೀಮಾಳ ಮದುವೆಯಾಯಿತು. ಹುಡುಗ ಪಕ್ಕದ ಊರಿನಲ್ಲಿ ಉಳಿದುಕೊಂಡ ಒಂದು ಮನೆಯವನು. ಹುಡುಗಿಯ ಸೋದರಮಾವ ಹುಡುಗನ ಕಡೆಯವರು ತಂದ ಜಿಂಕೆಯ ತೊಡೆಯನ್ನು ಕೈಯಾರೆ ಇಸಿದುಕೊಂಡರೆ ಒಪ್ಪಿಗೆ ಎಂದರ್ಥ. ಅಂದು ಅದನ್ನು ಇಸಿದುಕೊಳ್ಳಲು ಟೋನಬಿಯನ್ನು ಕೂರಿಸಿದರು. ಅವನು ಅವರ ಕುಲದವನೂ ಅಲ್ಲ. ಚಪ್ಪರಕ್ಕೆ ಬೇಕಾದ ಕಂಬಗಳನ್ನೆಲ್ಲ ಕಡಿದು, ಒಂದೇ ಎತ್ತರಕ್ಕೆ ಸವರಿ, ಬೆಳಗಾಗುವ ಮೊದಲೇ ನಿಲ್ಲಿಸಿ ಹೋದವನು ಪಿಸ್ತಾಂಬಿ. ಮಕ್ಕಳು ಅವನನ್ನು ಮಾವ ಎಂದು ಕರೆಯುವುದನ್ನು ಯಾರೂ ಬಿಡಿಸಿರಲಿಲ್ಲ, ತಾವಾಗಿಯೇ ಬಿಟ್ಟಿದ್ದವು. ಶೋಮಾ ಒಬ್ಬಳು ಮಾತ್ರ ಕಣಜದಿಂದ ಜೋಳ ತರಲು ಬಂದಾಗ ಬೇಕೆಂದೇ ನಿಧಾನ ಮಾಡುತ್ತಿದ್ದಳು.

ಅವರ ಕೆಳಗಿನ ಹೊಲಕ್ಕೆ ಅಳತೆಗಾರರು ಬಂದುಹೋದ ಮೇಲೆ ಬಿಳಿಯನೊಬ್ಬ ಬಂದು ಮರದ ದಿಮ್ಮಿಯ ಮನೆ ಕಟ್ಟಿದ. ತಾನು ಇದನ್ನು ಸರಕಾರದಿಂದ ಕೊಂಡಿದ್ದೇನೆ ಎಂದ. ಪಿಸ್ತಾಂಬಿ ತನ್ನ ಹೆಸರು ಪುಸ್ತಕದಲ್ಲಿದೆ ಎಂದ. ಇಂಥ ತಂಟೆಗಳು ನಾಡಿನ ತುಂಬ ಇದ್ದವು. ೧೮೩೮ರಲ್ಲಿ ಅವುಗಳ ವಿಚಾರಣೆಗೆಂದು ಮೂವರು ಕಮಿಷನರುಗಳು ಬಂದರು. ಐದು ವರ್ಷದ ವಾಸ ಎಂದೋ ಮುಗಿದಿತ್ತು; ಇನ್ನು ಬೇಕಿದ್ದದ್ದು ಒಂದು ಸಾಕ್ಷಿ. ಹೆಸರು ಬರೆಸುವಾಗ ಜೊತೆಗಿದ್ದ ಟೋನಬಿ ಹಿಂದಿನ ಚಳಿಗಾಲ ತೀರಿಕೊಂಡಿದ್ದ. ಯಜಮಾನನ ಹೆಂಡತಿ ಬಂದು ಪ್ರಮಾಣ ಮಾಡಿದರೆ ಸಾಕು ಎಂದು ಬೀಮನ್ ಹೇಳಿಕಳಿಸಿದ.

ಪಿಸ್ತಾಂಬಿ ಆ ಮಾತನ್ನು ಹೊಸ್ತಿಲ ಹೊರಗೆ ನಿಂತು ತಿಳಿಸಿದ. ಹೀಗೆ ಹೇಳು ಎಂದು ಕೇಳಲಿಲ್ಲ. ಕೇಳುವ ನಾಲಿಗೆ ಅವನಿಗೆ ಇರಲಿಲ್ಲ. ಆದರೆ ಅವಳು ಅದನ್ನೇ ಹೇಳಬೇಕೆಂದು ಅವನ ಮನಸ್ಸಿನಲ್ಲಿತ್ತು. ಏಳು ವರ್ಷ ಅವನು ಕೊಟ್ಟದ್ದು ಸಣ್ಣದಲ್ಲ. ಅದಕ್ಕೆ ಪ್ರತಿಯಾಗಿ ನಾಲ್ಕು ಮಕ್ಕಳ ನೆಲವಾದರೂ ನಿಲ್ಲಬೇಕಿತ್ತು. ಒನಾಹೋಕಾ ಬರುತ್ತೇನೆ ಎಂದಷ್ಟೇ ಹೇಳಿದಳು. ಎರಡು ದಿನದ ದಾರಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಶೋಮಾ ಇಬ್ಬರ ನಡುವೆ ನಡೆದಳು. ಅವಳಿಗೆ ಆಗ ಹದಿಮೂರು.

ಅಡ್ಡರಸ್ತೆಯ ದಿಮ್ಮಿಯ ಕೊಠಡಿಯೊಂದರಲ್ಲಿ ವಿಚಾರಣೆ. ಬೀಮನ್‌ನ ಕೂದಲು ನರೆತಿತ್ತು. ಅವನು ಬಾಗಿಲಲ್ಲೇ ಒನಾಹೋಕಾಳನ್ನು ತಡೆದು, ಅಕ್ಕ, ಕೇಳುವುದು ಒಂದೇ ಪ್ರಶ್ನೆ, ಹೇಳಬೇಕಾದದ್ದು ಒಂದೇ ಮಾತು ಎಂದ. ಗೊತ್ತು ಎಂದಳು.

ಕಮಿಷನರುಗಳಲ್ಲಿ ಹಿರಿಯನಾದವನು ಮರ್ಯಾದಸ್ಥ. ಅವಳಿಗೆ ಕುರ್ಚಿ ಹಾಕಿಸಿದ. ಅವಳು ಕೂರಲಿಲ್ಲ. ಪಿಸ್ತಾಂಬಿ ಗೋಡೆಯ ಬದಿಗೆ ನಿಂತಿದ್ದ. ಪುಸ್ತಕದಲ್ಲಿ ಬರೆದದ್ದನ್ನು ಓದಿದರು. ಆಮೇಲೆ ಬೀಮನ್ ಅವಳತ್ತ ತಿರುಗಿ, ಅಲ್ಲಿ ನಿಂತಿರುವ ಮನುಷ್ಯ ನಿನಗೆ ಏನಾಗಬೇಕು ಎಂದು ಕೇಳುತ್ತಿದ್ದಾರೆ ಎಂದ.

ಒನಾಹೋಕಾ ಪಿಸ್ತಾಂಬಿಯನ್ನು ನೋಡಿದಳು. ಏಳು ವರ್ಷದಲ್ಲಿ ಅವಳು ಅವನ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಇವನು ನನ್ನ ತಮ್ಮ," ಎಂದಳು. "ನಮ್ಮಮ್ಮನ ಮಗ. ಏಳು ವರ್ಷದೋನಿದ್ದಾಗಿಂದ ನಾನು ಬೆನ್ನಿಗೆ ಕಟ್ಕೊಂಡು ಸಾಕಿದ ಹುಡುಗ."

ಬೀಮನ್ ಅದನ್ನು ಇಂಗ್ಲಿಷಿಗೆ ತಿರುಗಿಸದೆ ನಿಂತ. ಇನ್ನೊಂದು ಸಲ ಯೋಚಿಸು ಎಂದು ತಗ್ಗಿದ ದನಿಯಲ್ಲಿ ಹೇಳಿದ. ನೆಲ ಹೋಗುತ್ತದೆ, ಮಕ್ಕಳದ್ದೂ ಹೋಗುತ್ತದೆ ಎಂದ.

"ಯೋಚನೆ ಮಾಡೋಕೆ ಏಳು ವರ್ಷ ಇತ್ತಪ್ಪ ನನಗೆ. ಎಲ್ಲಿ ಹೋದ್ರೂ ನನ್ನ ಮಕ್ಕಳಿಗೆ ಒಬ್ಬ ಸೋದರಮಾವ ಬೇಕು. ಇವನನ್ನ ಕೊಟ್ಟು ನೆಲ ಇಟ್ಕೊಂಡ್ರೆ, ಆ ನೆಲದ ಮೇಲೆ ನಿಂತು ಅವು ಯಾರನ್ನ ಕರೀಬೇಕು?" ಅವಳು ಕಮಿಷನರುಗಳ ಕಡೆಗೆ ಗದ್ದ ಎತ್ತಿದಳು. "ಅವರಿಗೆ ಹೇಳು. ಸುಳ್ಳು ಹೇಳಿದ್ದು ನಮ್ಮ ಹುಡುಗ. ಮಕ್ಕಳ ಮೇಲಿನ ಆಸೆಗೆ ಹೇಳಿದ. ತಪ್ಪು ಅಂತ ಹೇಳೋಕೆ ಅವನ ಅಕ್ಕ ನಾನು ಇದೀನಿ."

ಬೀಮನ್ ತಿರುಗಿಸಿದ. ಮಕ್ಕಳ ತಂದೆ ಯಾರು, ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ಅದನ್ನೂ ಹೇಳಿದಳು. ಲೇಖನಿಗಳು ಓಡಿದವು. ಪಿಸ್ತಾಂಬಿ ಗೋಡೆಗೆ ಬೆನ್ನು ಆನಿಸಿದ. ಏಳು ವರ್ಷದಿಂದ ಅವನೊಳಗೆ ಬಿಗಿದು ನಿಂತಿದ್ದ ಯಾವುದೋ ಒಂದು ಸಡಿಲವಾಯಿತು. ಅದೇ ಕ್ಷಣದಲ್ಲಿ ಹಿಕರಿ ಮರ, ಹಿತ್ತಿಲು, ಹೊಳೆಯವರೆಗಿನ ಜೋಳದ ಸಾಲುಗಳು ಅವನಿಂದ ದೂರ ಸರಿಯತೊಡಗಿದವು. ಎರಡನ್ನೂ ಒಟ್ಟಿಗೆ ಹಿಡಿಯಲು ಅವನಿಗೆ ತಿಳಿಯಲಿಲ್ಲ. ಶೋಮಾ ಬಂದು 'ಮಾವ' ಎಂದು ಅವನ ತೋಳು ಹಿಡಿದಳು. ಅವನು ಅಳುತ್ತಿದ್ದ, ಅಕ್ಕನ ಕಡೆಗೆ ನೋಡಲಾಗಲಿಲ್ಲ.

ಹಿರಿಯ ಕಮಿಷನರ್ ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು ತೀರ್ಮಾನವನ್ನು ಓದಿದ. ಬೀಮನ್ ಅದನ್ನು ಒಂದೊಂದೇ ವಾಕ್ಯವಾಗಿ ಅವರ ಭಾಷೆಗೆ ತಂದ.

ಬೋಕ್‌ಹೋಮಾದ ಪಿಸ್ತಾಂಬಿ ಎಂಬವನ ಅರ್ಜಿಯನ್ನು ವಿಚಾರಿಸಲಾಯಿತು. ಹೆಂಡತಿಯೆಂದು ಬರೆಸಿದ ಹೆಂಗಸು ಆತನ ಅಕ್ಕ. ಮಕ್ಕಳೆಂದು ಬರೆಸಿದ ನಾಲ್ವರು ಎಲಾತಬಿ ಎಂಬವನ ಮಕ್ಕಳು; ಎಲಾತಬಿಯು ಪಶ್ಚಿಮಕ್ಕೆ ಹೋದವನಾದ್ದರಿಂದ ಅವರ ಹಕ್ಕು ಅವನೊಂದಿಗೇ ಹೋಗಿದೆ. ಅರ್ಜಿದಾರನು ಯಾವ ಕುಟುಂಬದ ಯಜಮಾನನೂ ಅಲ್ಲ.